ದವಡೆ ನೋವಿಗೆ ಮೂರು ಸ್ಪ್ಲಿಂಟ್ ಹಾಕಿ ನೋಡಿದೆ: ಯಾವುದು ಎಷ್ಟು ಕೆಲಸ ಮಾಡಿತು

ನನ್ನ ಮಂಚದ ಪಕ್ಕದ ಡ್ರಾಯರ್‌ನಲ್ಲಿ ಮೂರು ಪ್ಲಾಸ್ಟಿಕ್ ಡಬ್ಬಿಗಳಿವೆ. ಮೂರರಲ್ಲೂ ಇರುವುದು ಮಲಗುವಾಗ ಹಲ್ಲಿನ ಮೇಲೆ ಕೂರಿಸಿಕೊಳ್ಳುವ ಹೊದಿಕೆ, ಅಂದರೆ ಸ್ಪ್ಲಿಂಟ್. ಒಂದರಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ನೈಟ್ ಗಾರ್ಡ್. ಇನ್ನೊಂದರಲ್ಲಿ ಇಲ್ಲೇ ಶಿರಸಿಯಲ್ಲಿ ಮಾಡಿಸಿದ ಮೆತ್ತನೆಯ ಸ್ಪ್ಲಿಂಟ್. ಮೂರನೆಯದರಲ್ಲಿ ಹುಬ್ಬಳ್ಳಿಗೆ ಓಡಾಡಿ ಮಾಡಿಸಿದ ಗಟ್ಟಿ ಅಕ್ರಿಲಿಕ್ ಸ್ಪ್ಲಿಂಟ್. ಮೂರನ್ನೂ ತಿಂಗಳುಗಟ್ಟಲೆ ಬಾಯಲ್ಲಿಟ್ಟುಕೊಂಡು ಮಲಗಿದ್ದೇನೆ, ಮೊದಲನೆಯದನ್ನು ಬಿಟ್ಟು. ಅದು ಮೂರು ವಾರಕ್ಕೇ ಸಾಕಾಯಿತು.

ನಾನು ಶಿರಸಿಯ ಒಂದು ಅಡಿಕೆ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ಹೊಸ ಅಡಿಕೆ ಬರುವ ತಿಂಗಳುಗಳಲ್ಲಿ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ರಾಶಿ, ಚಾಲಿ, ಬೆಟ್ಟೆ ಎಂದು ಬೇರೆ ಬೇರೆ ದರ, ಬೇರೆ ಬೇರೆ ಚೀಟಿ. 2022ರ ಕೊನೆಯಲ್ಲಿ ಬಲ ಕಿವಿಯ ಮುಂದೆ ನೋವು ಶುರುವಾಯಿತು. ಆಕಳಿಸಿದರೆ ಕಟಕ್ ಅನ್ನುವ ಸದ್ದು. ಬೆಳಿಗ್ಗೆ ಎದ್ದಾಗ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ದೋಸೆಯನ್ನೂ ಚೂರು ಮಾಡಿ ತಿನ್ನಬೇಕಿತ್ತು. "ಎಂತಾ ಆತೇ?" ಎಂದು ಅತ್ತೆ ಕೇಳಿದರೆ ಉತ್ತರ ಹೇಳಲೂ ದವಡೆ ನೋಯುತ್ತಿತ್ತು. ರಾತ್ರಿ ನಾನು ಕರಕರ ಹಲ್ಲು ಕಡಿಯುತ್ತೇನೆ ಎಂದು ಗೊತ್ತಾದದ್ದು ನಮ್ಮ ಮನೆಯವರಿಂದ.

ಮೊದಲು ಹೋದದ್ದು ಕಿವಿ ಡಾಕ್ಟರ ಹತ್ತಿರ. ಕಿವಿ ಚೊಕ್ಕವಾಗಿತ್ತು. ದವಡೆ ಕೀಲು ಕಿವಿಯ ರಂಧ್ರದ ತೀರಾ ಹತ್ತಿರ ಇರುವುದರಿಂದ ಈ ಗೊಂದಲ ಬಹಳ ಜನರಿಗೆ ಆಗುತ್ತದಂತೆ. 1934ರಲ್ಲಿ ಕಾಸ್ಟನ್ ಎಂಬ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರು ಇಂಥ ಕಿವಿ ತೊಂದರೆಗಳನ್ನು ದವಡೆ ಕೀಲಿಗೆ ಜೋಡಿಸಿ ಬರೆದರು. ಆಗಿನಿಂದ ಬಹಳ ವರ್ಷ ಈ ಕಾಯಿಲೆಯನ್ನು ಅವರ ಹೆಸರಿನಿಂದಲೇ ಕರೆಯುತ್ತಿದ್ದರು. ಅವರು ಹೇಳಿದ ಕಾರಣಗಳಲ್ಲಿ ಎಲ್ಲವೂ ಈಗ ಉಳಿದಿಲ್ಲ. ಆದರೆ ಕಿವಿ ನೋವೆಂದು ಹೋಗಿ ದವಡೆ ಎಂದು ತಿಳಿದು ಬರುವವರು ಇವತ್ತಿಗೂ ಇದ್ದಾರೆ, ನನ್ನ ಹಾಗೆ.

ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದು, "ಕವಳ ಹಾಕ್ತೀರಾ?" ಅಂತ. ಎಲೆ-ಅಡಿಕೆ ಜಗಿಯುವ ಆ ರೂಢಿ ನನಗಿಲ್ಲ. ಆದರೂ ಕೆನ್ನೆಯ ಒಳಭಾಗವನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿದರು. ನಮ್ಮ ಕಡೆಯವರು ಇದನ್ನು ತಿಳಿದಿರಲೇಬೇಕು. ಅಡಿಕೆ ಜಗಿಯುವವರಿಗೆ ಕೆನ್ನೆಯ ಒಳಗಿನ ಚರ್ಮ ನಾರಿನಂತೆ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಡಿಮೆಯಾಗುವ ಕಾಯಿಲೆ ಇದೆ. ಖಾರ ತಾಗಿದರೆ ಬಾಯಿ ಉರಿಯುತ್ತದೆ, ಒಳಗೆ ಬಿಳಿಚಿಕೊಂಡಿರುತ್ತದೆ. ಅದು ಕೀಲಿನ ತೊಂದರೆಯಲ್ಲ. ಅದಕ್ಕೆ ಯಾವ ಸ್ಪ್ಲಿಂಟೂ ಉಪಯೋಗಕ್ಕಿಲ್ಲ. ಮುಂದೆ ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆಯೂ ಇರುವುದರಿಂದ ತಡ ಮಾಡಬಾರದು. ಬಾಯಿ ತೆರೆಯುವುದಿಲ್ಲ ಎಂದು ಸುಮ್ನೆ ನೈಟ್ ಗಾರ್ಡ್ ತರಿಸಿಕೊಂಡು ಆರು ತಿಂಗಳು ಕಳೆಯುವವರ ಬಗ್ಗೆ ನನಗೆ ನಿಜವಾಗಿ ಭಯವಾಗುತ್ತದೆ.

ನನ್ನದು ಸ್ನಾಯು ಮತ್ತು ಕೀಲು ಎರಡರ ತೊಂದರೆ ಎಂದಾಯಿತು. ಕೆನ್ನೆಯ ಸ್ನಾಯು ಕಲ್ಲಿನ ಹಾಗೆ ಬಿಗಿದಿತ್ತು. ಕೀಲಿನ ಎರಡು ಎಲುಬಿನ ನಡುವೆ ಇರುವ ಮೆತ್ತನೆಯ ಬಿಲ್ಲೆ ಮುಂದಕ್ಕೆ ಜಾರಿತ್ತು. ಬಾಯಿ ತೆರೆದಾಗ ಅದು ಮತ್ತೆ ತನ್ನ ಜಾಗಕ್ಕೆ ಬರುವ ಸದ್ದೇ ಆ ಕಟಕ್. "ನೋವಿಲ್ಲದ ಬರೀ ಸದ್ದಿಗೆ ಔಷಧಿ ಬೇಡ, ನಿಮಗೆ ನೋವಿದೆ, ಅದಕ್ಕೆ ನೋಡುವ" ಎಂದರು. ಸ್ಕೇಲ್ ಇಟ್ಟು ಅಳೆದರು. ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲಿನ ನಡುವೆ 29 ಮಿಲಿಮೀಟರ್. ದೊಡ್ಡವರಿಗೆ ಸಾಮಾನ್ಯವಾಗಿ 40 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಮನೆಯಲ್ಲಿ ನೋಡುವುದಾದರೆ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಬರುವಂತೆ ಜೋಡಿಸಿ ಮುಂದಿನ ಹಲ್ಲಿನ ನಡುವೆ ಇಡಿ. ನನಗೆ ಎರಡೇ ಹೋಗುತ್ತಿತ್ತು.

ಅವತ್ತಿನಿಂದ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ದಿನಾ ಬೆಳಿಗ್ಗೆ ಎರಡು ಅಂಕಿ ಬರೆದೆ. ನೋವು ಹತ್ತರಲ್ಲಿ ಎಷ್ಟು, ಬಾಯಿ ಎಷ್ಟು ಮಿಲಿಮೀಟರ್ ತೆರೆಯಿತು. ಲೆಕ್ಕ ಬರೆಯುವ ಕೈ ಅಲ್ವಾ, ಅದು ಕಷ್ಟವಾಗಲಿಲ್ಲ. ಈ ಹೋಲಿಕೆ ಆ ಅಂಕಿಗಳ ಮೇಲೆ ನಿಂತಿದೆ. ಶುರುವಿನಲ್ಲಿ ನೋವು 6, ಬಾಯಿ 29.

ಬಿಸಿನೀರಲ್ಲಿ ಅದ್ದಿ ಕಚ್ಚುವ ರೆಡಿಮೇಡ್ ಗಾರ್ಡ್

ಡಾಕ್ಟರು ಸ್ಪ್ಲಿಂಟ್ ಮಾಡಿಸಿ ಎಂದಿದ್ದರೂ ಮೊದಲು ನಾನು ಕೊಂಡದ್ದು ಇದನ್ನು. ಸುಮಾರು 700 ರೂಪಾಯಿ. ಬಿಸಿನೀರಲ್ಲಿ ಅದ್ದಿದರೆ ಮೆತ್ತಗಾಗುತ್ತದೆ, ಬಾಯಲ್ಲಿಟ್ಟು ಕಚ್ಚಿದರೆ ಹಲ್ಲಿನ ಆಕಾರ ಬರುತ್ತದೆ.

ಆಕಾರ ಬಂತು, ಆದರೆ ಎಲ್ಲಾ ಕಡೆ ಒಂದೇ ಮಟ್ಟವಾಗಿ ಬರಲಿಲ್ಲ. ಬಲಗಡೆ ದವಡೆ ಹಲ್ಲು ಮೊದಲು ತಾಗುತ್ತಿತ್ತು, ಎಡಗಡೆ ಖಾಲಿ. ನೋವಿದ್ದದ್ದೂ ಬಲಗಡೆಯೇ. ಗಾರ್ಡ್ ದಪ್ಪವಾಗಿದ್ದರಿಂದ ತುಟಿ ಮುಚ್ಚುತ್ತಿರಲಿಲ್ಲ, ದಿಂಬು ಒದ್ದೆ. ಎಷ್ಟೋ ರಾತ್ರಿ ನಿದ್ದೆಯಲ್ಲೇ ತೆಗೆದು ಬಿಸಾಕಿದ್ದೆ. ಮೂರು ವಾರದ ಕೊನೆಗೆ ಕ್ಯಾಲೆಂಡರ್‌ನಲ್ಲಿ ನೋವು 7, ಬಾಯಿ 28. ಹಲ್ಲು ಸವೆಯದಂತೆ ನಾಲ್ಕು ದಿನ ತಡೆಯಲು ಇದು ಸಾಕಾಗಬಹುದು. ಕೀಲು ನೋವು ಇರುವವರಿಗೆ ಇದನ್ನು ನಾನು ಹೇಳುವುದಿಲ್ಲ.

ಮೆತ್ತನೆಯ ಸ್ಪ್ಲಿಂಟ್

ಶಿರಸಿಯಲ್ಲಿ ಮಾಡಿಸಿದ್ದು, 2000 ರೂಪಾಯಿ. ಟ್ರೇಯಲ್ಲಿ ಹಿಟ್ಟಿನಂಥ ಆಲ್ಜಿನೇಟ್ ತುಂಬಿ ಬಾಯಲ್ಲಿಟ್ಟು ಹಲ್ಲಿನ ಅಚ್ಚು ತೆಗೆದರು. ಆ ಅಚ್ಚಿನಿಂದ ಗಾರೆಯ ಮಾದರಿ ಮಾಡಿ, ಬಿಸಿ ಮಾಡಿದ ರಬ್ಬರ್‌ನಂಥ ಹಾಳೆಯನ್ನು ಮೆಷಿನ್ನಲ್ಲಿ ಅದರ ಮೇಲೆ ಎಳೆದು ಕೂರಿಸುತ್ತಾರೆ. ಅಂಚು ಕತ್ತರಿಸಿದರೆ ಮುಗಿಯಿತು. ಮೂರನೇ ದಿನ ಕೈಗೆ ಸಿಕ್ಕಿತು.

ಮೊದಲ ರಾತ್ರಿಯೇ ನಿದ್ದೆ ಬಂತು. ಹಾಕಿದ್ದೇ ಗೊತ್ತಾಗುವುದಿಲ್ಲ ಎನ್ನುವಷ್ಟು ಹಗುರ. ಎರಡು ವಾರದಲ್ಲಿ ನೋವು 4ಕ್ಕೆ ಇಳಿಯಿತು. ಇದೇ ಸಾಕು ಎಂದು ತಂಗಿಗೆ ಫೋನ್ ಮಾಡಿ ಹೇಳಿದ್ದೆ.

ಒಂದೂವರೆ ತಿಂಗಳಾದ ಮೇಲೆ ಬೇರೆಯೇ ಶುರುವಾಯಿತು. ಬೆಳಿಗ್ಗೆ ಎದ್ದರೆ ಕಣತಲೆ ಸಿಡಿಯುತ್ತಿತ್ತು. ನಾನು ರಾತ್ರಿಯಿಡೀ ಅದನ್ನು ಜಗಿಯುತ್ತಿದ್ದೆ. ಮೆತ್ತಗಿರುವ ವಸ್ತು ಹಲ್ಲಿನ ನಡುವೆ ಸಿಕ್ಕರೆ ಬಾಯಿ ಅದನ್ನು ಜಗಿಯಲು ನೋಡುತ್ತದೆ, ಚ್ಯೂಯಿಂಗ್ ಗಮ್ ಸಿಕ್ಕ ಹಾಗೆ. ಇದು ನನ್ನೊಬ್ಬಳ ಅನುಭವ ಎಂದುಕೊಂಡಿದ್ದೆ. ಆಮೇಲೆ ಹುಬ್ಬಳ್ಳಿಯ ಡಾಕ್ಟರು 1987ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದ ಬಗ್ಗೆ ಹೇಳಿದರು. ಹತ್ತು ಜನರಿಗೆ ಎರಡೂ ಬಗೆಯ ಸ್ಪ್ಲಿಂಟ್ ಹಾಕಿ ರಾತ್ರಿ ಸ್ನಾಯು ಎಷ್ಟು ಕೆಲಸ ಮಾಡುತ್ತದೆ ಎಂದು ಅಳೆದಿದ್ದರು. ಗಟ್ಟಿಯದರಲ್ಲಿ 8 ಜನರಿಗೆ ಅದು ಕಡಿಮೆಯಾಯಿತು. ಮೆತ್ತನೆಯದರಲ್ಲಿ 5 ಜನರಿಗೆ ಜಾಸ್ತಿಯೇ ಆಯಿತು. ಹತ್ತೇ ಜನ, ಅದನ್ನೇ ಕೊನೆಯ ಮಾತು ಎನ್ನಲಾಗದು. ಆದರೆ ನಾನು ಆ ಐದು ಜನರ ಸಾಲಿನವಳು ಎಂದು ನನ್ನ ಕಣತಲೆ ಹೇಳುತ್ತಿತ್ತು.

ಇನ್ನೆರಡು ತೊಂದರೆ. ರಬ್ಬರ್ ಆದ್ದರಿಂದ ಎತ್ತರ ತಗ್ಗು ಇದ್ದರೆ ಉಜ್ಜಿ ಸರಿ ಮಾಡಲು ಆಗುವುದಿಲ್ಲ. ಹೇಗಿದೆಯೋ ಹಾಗೆ ಹಾಕಬೇಕು. ಮತ್ತೆ ನಮ್ಮ ಮಳೆಗಾಲ. ಜೂನ್ ಜುಲೈಯಲ್ಲಿ ಬಟ್ಟೆಯೇ ಒಣಗದ ಊರಲ್ಲಿ ಇದು ಹೇಗೆ ಒಣಗೀತು? ತೊಳೆದು ಡಬ್ಬಿ ಮುಚ್ಚಿದರೆ ಮುಗ್ಗಲು ವಾಸನೆ, ಮೂಲೆಯಲ್ಲಿ ಕಪ್ಪು ಚುಕ್ಕಿ. ತೆರೆದಿಟ್ಟರೆ ಇರುವೆ. ಆರು ತಿಂಗಳಲ್ಲಿ ಬಲಗಡೆ ತೂತೇ ಬಿತ್ತು. ಕೊನೆಯ ವಾರದ ಅಂಕಿ: ನೋವು 5, ಬಾಯಿ 31.

ಇಷ್ಟಾದರೂ ಇದನ್ನು ಪೂರ್ತಿ ತಳ್ಳಿಹಾಕಲಾರೆ. ನೋವು ತೀರಾ ಜಾಸ್ತಿ ಇದ್ದು ಗಟ್ಟಿಯದು ಸಿದ್ಧವಾಗುವ ತನಕ ಕಾಯಲಾಗದವರಿಗೆ ಕೆಲವು ವಾರದ ಆಸರೆ ಇದು. ಹಲ್ಲು ಕಡಿಯದೆ ಸುಮ್ನೆ ಬಿಗಿಹಿಡಿದು ಮಲಗುವ ನನ್ನ ಸಹೋದ್ಯೋಗಿಯೊಬ್ಬರು ವರ್ಷದಿಂದ ಇದರಲ್ಲೇ ಆರಾಮಾಗಿದ್ದಾರೆ.

ಗಟ್ಟಿ ಅಕ್ರಿಲಿಕ್ ಸ್ಪ್ಲಿಂಟ್

ಇದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. ಯಾಕೆಂದರೆ ಇದರಲ್ಲಿ ವಸ್ತುವಿಗಿಂತ ಕೈಕೆಲಸ ಮುಖ್ಯ ಎಂಬುದು ನನಗೆ ಮೊದಲು ತಿಳಿದಿರಲಿಲ್ಲ.

ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಬಸ್ಸಿನಲ್ಲಿ ಹೋಗಿ ಬರಲು ಒಂದು ದಿನವೇ ಬೇಕು. ಸ್ಪ್ಲಿಂಟ್‌ಗೆ 6000 ರೂಪಾಯಿ ಹೇಳಿದರು. ಇದರಲ್ಲೂ ಮೇಲಿನ ಕೆಳಗಿನ ಹಲ್ಲಿನ ಅಚ್ಚು ತೆಗೆಯುತ್ತಾರೆ. ಜೊತೆಗೆ ಮೇಣ ಕಚ್ಚಿಸಿ, ದವಡೆ ಸಡಿಲವಾಗಿದ್ದಾಗ ಎರಡು ಸಾಲು ಹೇಗೆ ಕೂರುತ್ತವೆ ಎಂದು ಗುರುತು ಮಾಡಿಕೊಳ್ಳುತ್ತಾರೆ. ಆ ಅಚ್ಚುಗಳನ್ನು ದವಡೆಯ ಹಾಗೇ ಆಡುವ ಒಂದು ಉಪಕರಣಕ್ಕೆ ಕೂರಿಸಿ, ಅದರ ಮೇಲೆ ಅಕ್ರಿಲಿಕ್ ಸ್ಪ್ಲಿಂಟ್ ಮಾಡುತ್ತಾರೆ. ಮೇಲಿನ ಸಾಲಿನ ಎಲ್ಲಾ ಹಲ್ಲನ್ನೂ ಮುಚ್ಚುತ್ತದೆ. ಹಿಂದಿನ ಹಲ್ಲಿನ ಹತ್ತಿರ ಎರಡು ಮಿಲಿಮೀಟರ್‌ನಷ್ಟು ದಪ್ಪ.

ಹತ್ತು ದಿನ ಬಿಟ್ಟು ಹೋದೆ. ಸ್ಪ್ಲಿಂಟ್ ಹಾಕಿ, ನೀಲಿ ಕಾಗದ ಕಚ್ಚಿಸಿ, ಎಲ್ಲಿ ಗಾಢ ಗುರುತು ಬಿತ್ತು ಎಂದು ನೋಡಿ ಅಲ್ಲಿ ಉಜ್ಜಿದರು. ಮತ್ತೆ ಕಚ್ಚಿಸಿದರು, ಮತ್ತೆ ಉಜ್ಜಿದರು. ಮುಕ್ಕಾಲು ಗಂಟೆ ಇದೇ ನಡೆಯಿತು. ಕೊನೆಗೆ ಕೆಳಗಿನ ಎಲ್ಲಾ ಹಲ್ಲೂ ಒಂದೇ ಸಲ, ಒಂದೇ ಒತ್ತಡದಲ್ಲಿ ತಾಗಿದವು. ದವಡೆಯನ್ನು ಪಕ್ಕಕ್ಕೆ ಸರಿಸಿದರೆ ಕೋರೆ ಹಲ್ಲು ಮಾತ್ರ ತಾಗಿ ಹಿಂದಿನ ಹಲ್ಲುಗಳು ಬಿಟ್ಟುಕೊಳ್ಳುತ್ತಿದ್ದವು. ಹಾಗೆ ಬಿಟ್ಟುಕೊಂಡರೆ ಸ್ನಾಯುವಿಗೆ ಜೋರಾಗಿ ಮಸೆಯಲು ಹಿಡಿತ ಸಿಗುವುದಿಲ್ಲ ಎಂದು ಡಾಕ್ಟರು ಕನ್ನಡಿ ಹಿಡಿದು ತೋರಿಸಿದರು.

ಮೊದಲ ನಾಲ್ಕು ರಾತ್ರಿ ಕಷ್ಟವಾಯಿತು. ಬಾಯಿ ತುಂಬಾ ನೀರು, ಮೇಲಿನ ಹಲ್ಲು ಬಿಗಿದ ಹಾಗೆ. ಹಾಕಿಕೊಂಡ ಮೇಲೆ ಮಗಳಿಗೆ "ಸಾಕು, ಮಲಗು" ಅಂದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಬೆಳಿಗ್ಗೆ ತೆಗೆದಾಗ ಹಲ್ಲು ಸರಿಯಾಗಿ ಕೂರುವುದಿಲ್ಲ ಅನ್ನಿಸುತ್ತದೆ, ಸ್ವಲ್ಪ ಹೊತ್ತಿನಲ್ಲಿ ಸರಿಯಾಗುತ್ತದೆ. ಸರಿಯಾಗದೆ ದಿನವಿಡೀ ಹಾಗೇ ಇದ್ದರೆ ಕೂಡಲೇ ಫೋನ್ ಮಾಡಿ ಎಂದು ಹೇಳಿದ್ದರು.

ಒಂದು ವಾರಕ್ಕೆ ಮತ್ತೆ ಹುಬ್ಬಳ್ಳಿ. ಮೂರು ವಾರಕ್ಕೆ ಮತ್ತೊಮ್ಮೆ. ಎರಡು ತಿಂಗಳಿಗೆ ಇನ್ನೊಮ್ಮೆ. ಪ್ರತಿ ಸಲವೂ ನೀಲಿ ಗುರುತು ಬೇರೆ ಜಾಗದಲ್ಲಿ ಬಿದ್ದಿತ್ತು. ಬಿಗಿದ ಸ್ನಾಯು ಸಡಿಲವಾದ ಹಾಗೆ ದವಡೆ ಕೂರುವ ಜಾಗವೂ ಸ್ವಲ್ಪ ಬದಲಾಗುತ್ತದೆ, ಆಗ ಸ್ಪ್ಲಿಂಟನ್ನೂ ಅದಕ್ಕೆ ಹೊಂದಿಸಬೇಕು. ಹೊಂದಿಸದೆ ಬಿಟ್ಟರೆ ಆರು ಸಾವಿರದ ಸ್ಪ್ಲಿಂಟ್‌ಗೂ ಏಳು ನೂರರ ಗಾರ್ಡಿಗೂ ದೊಡ್ಡ ಅಂತರ ಉಳಿಯುವುದಿಲ್ಲ ಎಂದು ನನ್ನ ಅನಿಸಿಕೆ. ಎರಡನೇ ಭೇಟಿಗೆ ರಜೆ ಸಿಗದೆ ನಾನು ಎಂಟು ದಿನ ತಡ ಮಾಡಿದ್ದೆ. ಆ ಎಂಟು ದಿನದ ಅಂಕಿ 3ರಿಂದ 5ಕ್ಕೆ ಏರಿದ್ದು ಕ್ಯಾಲೆಂಡರ್‌ನಲ್ಲಿ ಇವತ್ತಿಗೂ ಕಾಣುತ್ತದೆ.

ಮೂರು ತಿಂಗಳ ಕೊನೆಗೆ ನೋವು 2, ಬಾಯಿ 36. ಕಣತಲೆ ಸಿಡಿತ ನಿಂತಿತು. ಕಟಕ್ ಸದ್ದು ಹೋಗಲಿಲ್ಲ. ಜಾರಿದ ಬಿಲ್ಲೆಯನ್ನು ಸ್ಪ್ಲಿಂಟ್ ಹಿಂದಕ್ಕೆ ತಂದು ಕೂರಿಸುವುದಿಲ್ಲ, ಅದರ ಮೇಲಿನ ಭಾರ ಇಳಿಸುತ್ತದೆ ಅಷ್ಟೇ.

ಮಳೆಗಾಲಕ್ಕೂ ಇದೇ ವಾಸಿ. ಮೆತ್ತನೆಯ ಬ್ರಷ್, ಸ್ವಲ್ಪ ಸೋಪು, ತಣ್ಣೀರು. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಗೀರು ಬೀಳುತ್ತದೆ. ಹಂಡೆಯ ಬಿಸಿನೀರು ತಾಗಿಸಲೇಬಾರದು, ಆಕಾರ ಕೆಡುತ್ತದೆ. ನನ್ನ ಸ್ಪ್ಲಿಂಟನ್ನು ಒಣಗಲು ಬಿಡದೆ ಡಬ್ಬಿಯಲ್ಲಿ ದಿನಾ ಹೊಸ ನೀರು ಹಾಕಿ ಮುಳುಗಿಸಿಡಲು ಹೇಳಿದ್ದಾರೆ. ಇರುವೆಯ ಕಾಟವೂ ಇಲ್ಲ.

ಕಾರವಾರದ ತಂಗಿಯ ಸ್ಪ್ಲಿಂಟ್

ಚಿಕ್ಕಮ್ಮನ ಮಗಳು ಕಾರವಾರದಲ್ಲಿದ್ದಾಳೆ. ಅವಳ ದವಡೆ ಬೆಳಿಗ್ಗೆ ಸಿಕ್ಕಿಹಾಕಿಕೊಂಡು ತೆರೆಯುತ್ತಲೇ ಇರಲಿಲ್ಲ. ಗೋವಾಕ್ಕೆ ಹೋಗಿ ತೋರಿಸಿದಳು. ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ತಂದು ಹಿಡಿಯುವ ಇನ್ನೊಂದು ಬಗೆಯ ಗಟ್ಟಿ ಸ್ಪ್ಲಿಂಟ್ ಕೊಟ್ಟರು. ಕೆಲವೇ ವಾರಕ್ಕೆ, ರಾತ್ರಿ ಮಾತ್ರ. ನೋವು ನನಗಿಂತ ಬೇಗ ಇಳಿಯಿತು. ಆದರೆ ಆರಾಮಾಯಿತೆಂದು ಅವಳು ಹಗಲೂ ರಾತ್ರಿ ಹಾಕಿಕೊಂಡಳು, ತಿಂಗಳುಗಟ್ಟಲೆ. ಈಗ ಬಾಯಿ ಮುಚ್ಚಿದರೆ ಹಿಂದಿನ ಹಲ್ಲುಗಳು ಒಂದಕ್ಕೊಂದು ತಾಗುವುದಿಲ್ಲ. ಅನ್ನ ಜಗಿಯಲೂ ಮುಂದಿನ ಹಲ್ಲೇ ಗತಿ. ಮುಂದಿನ ನಾಲ್ಕಾರು ಹಲ್ಲನ್ನು ಮಾತ್ರ ಮುಚ್ಚುವ ಪುಟ್ಟ ಸ್ಪ್ಲಿಂಟ್‌ಗಳಲ್ಲೂ ಕಚ್ಚುವಿಕೆ ಹೀಗೆ ಕೆಡುವ ಅಪಾಯ ಇದೆ. ನಿದ್ದೆಯಲ್ಲಿ ಗಂಟಲಿಗೆ ಜಾರುವ ಭಯ ಬೇರೆ. ಈ ಎರಡನ್ನೂ ಡಾಕ್ಟರ ಕಣ್ಣಳತೆಯಲ್ಲಿ, ಹೇಳಿದಷ್ಟೇ ದಿನ ಹಾಕಬೇಕು.

ಸ್ಪ್ಲಿಂಟೇ ಇಲ್ಲದ ದಾರಿ

ಇದನ್ನು ನಾನು ಬೇಕೆಂದು ಪರೀಕ್ಷಿಸಿದ್ದಲ್ಲ. 2024ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. ಮನೆ ತುಂಬ ನೆಂಟರು. ಆ ಗಡಿಬಿಡಿಯಲ್ಲಿ ಸ್ಪ್ಲಿಂಟ್ ಬಚ್ಚಲುಮನೆಯ ಕಲ್ಲಿನ ಮೇಲೆ ಬಿದ್ದು ಸೀಳಿತು. ರಿಪೇರಿ ಆಗಿ ಬರಲು ಮೂರು ವಾರ ಹಿಡಿಯಿತು.

ಅಷ್ಟರಲ್ಲಿ ಎರಡು ತಿಂಗಳಿಂದ ಶಿರಸಿಯಲ್ಲೇ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುತ್ತಿದ್ದೆ. ಒಂದು ಸಲಕ್ಕೆ 300 ರೂಪಾಯಿ, ಒಟ್ಟು ಎಂಟು ಸಲ. ಅವರು ಮೊದಲು ಕಲಿಸಿದ್ದು ಬಾಯಿ ಸುಮ್ಮನಿದ್ದಾಗ ಹೇಗಿರಬೇಕು ಎಂಬುದನ್ನು. ತುಟಿ ಮುಚ್ಚಿರಬೇಕು, ಹಲ್ಲು ತಾಗಿರಬಾರದು. ನಾಲಿಗೆಯ ತುದಿ "ಲ" ಅನ್ನುವಾಗ ತಾಗುತ್ತದಲ್ಲ, ಮೇಲಿನ ಹಲ್ಲಿನ ಹಿಂದಿನ ಒಸಡು, ಅಲ್ಲಿರಬೇಕು. ನನ್ನ ನಲವತ್ತೆರಡು ವರ್ಷದಲ್ಲಿ ಮೇಲಿನ ಕೆಳಗಿನ ಹಲ್ಲು ತಾಗಿರುವುದೇ ಸರಿ ಎಂದುಕೊಂಡಿದ್ದೆ. ಊಟ ಮಾಡುವಾಗ, ನುಂಗುವಾಗ ಬಿಟ್ಟರೆ ಅವು ತಾಗುವ ಅಗತ್ಯವೇ ಇಲ್ಲವಂತೆ.

ಆಫೀಸಿನಲ್ಲಿ ಕಂಪ್ಯೂಟರ್ ಮೂಲೆಗೆ, ಕ್ಯಾಲ್ಕುಲೇಟರ್ ಮೇಲೆ, ಚೀಟಿ ಕಟ್ಟಿನ ಡಬ್ಬಿಯ ಮೇಲೆ ಕೆಂಪು ಬಿಂದಿ ಅಂಟಿಸಿದೆ. ಬಿಂದಿ ಕಂಡಾಗಲೆಲ್ಲ ಹಲ್ಲು ತಾಗಿದೆಯಾ ಎಂದು ನೋಡಿಕೊಳ್ಳಬೇಕು. ಮೊದಲ ದಿನ ಇಪ್ಪತ್ತಮೂರು ಸಲ ನೋಡಿದೆ, ಹತ್ತೊಂಬತ್ತು ಸಲ ಬಿಗಿಹಿಡಿದಿದ್ದೆ. ರಾತ್ರಿಯ ಹಲ್ಲು ಕಡಿತಕ್ಕೆ ಅಷ್ಟು ಖರ್ಚು ಮಾಡಿದವಳು ಹಗಲು ಏನು ಮಾಡುತ್ತಿದ್ದೇನೆ ಎಂದು ನೋಡಿಕೊಂಡೇ ಇರಲಿಲ್ಲ. ಅದು ತಿಳಿದಾಗ ಅಳುವೇ ಬಂತು.

ಆಮೇಲೆ ವ್ಯಾಯಾಮ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿಕೊಂಡೇ ಬಾಯಿ ತೆರೆದು ಮುಚ್ಚುವುದು. ಗದ್ದಕ್ಕೆ ಬೆರಳಿಟ್ಟು ಹಗುರವಾಗಿ ತಡೆದು ಅದರ ವಿರುದ್ಧ ತೆರೆಯುವುದು. ಕುತ್ತಿಗೆ ನೇರ ಮಾಡುವುದು, ಭುಜ ಹಿಂದಕ್ಕೆ ತರುವುದು. ಹೀಗೆ ಆರು ಬಗೆ, ಒಂದೊಂದು ಆರು ಸಲ, ದಿನಕ್ಕೆ ಆರು ಹೊತ್ತು. ಒಂದು ಹೊತ್ತಿಗೆ ಐದು ನಿಮಿಷ ಸಾಕು. ಸಂಜೆ ಬಿಸಿನೀರಲ್ಲಿ ಹಿಂಡಿದ ಟವೆಲ್ ಕೆನ್ನೆಗೆ ಹದಿನೈದು ನಿಮಿಷ.

ಸ್ಪ್ಲಿಂಟ್ ಇಲ್ಲದ ಆ ಮೂರು ವಾರ ನೋವು ಏರಬಹುದು ಎಂದು ಹೆದರಿದ್ದೆ. ಮೊದಲ ವಾರ 3, ಮೂರನೇ ವಾರ ಮತ್ತೆ 2. ಬಾಯಿ 39. ಆದರೆ ಬಲಗಡೆಯ ಒಂದು ದವಡೆ ಹಲ್ಲು ತಣ್ಣೀರಿಗೆ ಜುಂ ಅನ್ನತೊಡಗಿತು. ರಾತ್ರಿ ಕಡಿತ ನಿಂತಿರಲಿಲ್ಲ, ಹಲ್ಲಿಗೆ ಹೊದಿಕೆ ತಪ್ಪಿತ್ತು ಅಷ್ಟೇ.

ಈ ಮೂರು ವಾರ ನನ್ನ ತಲೆಯಲ್ಲಿದ್ದ ಲೆಕ್ಕವನ್ನು ತಿರುಗಿಸಿತು. ಗಟ್ಟಿ ಸ್ಪ್ಲಿಂಟ್ ನನ್ನ ಹಲ್ಲನ್ನು ಕಾಯುತ್ತದೆ, ಬೆಳಗಿನ ಬಿಗಿತ ಕಡಿಮೆ ಮಾಡುತ್ತದೆ. ದವಡೆ ಬಿಟ್ಟುಕೊಂಡದ್ದರಲ್ಲಿ ದೊಡ್ಡ ಪಾಲು ಹಗಲಿನ ಅಭ್ಯಾಸದ್ದು. ತಜ್ಞರೂ ಈಗ ಆ ಕಡೆಗೇ ವಾಲಿದ್ದಾರೆ. 2023ರ ಕೊನೆಯಲ್ಲಿ ಬಿಎಂಜೆ ಎಂಬ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮಾರ್ಗಸೂಚಿ, ದೀರ್ಘಕಾಲದ ದವಡೆ ಕೀಲು ನೋವಿಗೆ ಮೇಲ್ವಿಚಾರಣೆಯಲ್ಲಿ ಮಾಡುವ ವ್ಯಾಯಾಮ, ಕೈಯಿಂದ ಸ್ನಾಯು ಮತ್ತು ಕೀಲು ಸಡಿಲಿಸುವುದು, ಮನಸ್ಸಿನ ಒತ್ತಡ ನಿಭಾಯಿಸುವ ಚಿಕಿತ್ಸೆ ಇವನ್ನು ಬಲವಾಗಿ ಹೇಳುತ್ತದೆ. ಬೇಕಾದಾಗ ಹಾಕಿ ತೆಗೆಯಬಹುದಾದ ಸ್ಪ್ಲಿಂಟ್‌ಗಳನ್ನು ಅಷ್ಟಾಗಿ ಬೆಂಬಲಿಸುವುದಿಲ್ಲ. ಕಚ್ಚುವಿಕೆಯನ್ನೇ ಶಾಶ್ವತವಾಗಿ ಬದಲಿಸುವಂಥ ಸ್ಪ್ಲಿಂಟ್ ಬೇಡವೇ ಬೇಡ ಎನ್ನುತ್ತದೆ. ಹುಬ್ಬಳ್ಳಿಯ ಡಾಕ್ಟರಿಗೆ ಇದನ್ನು ತೋರಿಸಿ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಹಲ್ಲು ಕಡಿಯದವರಿಗೆ ನಾನೂ ಈಗ ಮೊದಲು ವ್ಯಾಯಾಮವೇ ಹೇಳುವುದು, ನಿಮ್ಮ ಹಲ್ಲಿನ ಸವೆತ ನೋಡಿ ಸ್ಪ್ಲಿಂಟ್ ಕೊಟ್ಟದ್ದು" ಎಂದರು. ಆ ನೇರ ಮಾತಿಗೆ ಅವರ ಮೇಲೆ ನಂಬಿಕೆ ಜಾಸ್ತಿಯಾಯಿತು.

ನನಗೆ ಈಗ ಶುರುವಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲ ಆರು ವಾರ ಫಿಸಿಯೋಥೆರಪಿ, ಬಿಂದಿ, ಬಿಸಿ ಶಾಖ. 2400 ರೂಪಾಯಿಯಲ್ಲಿ ಮುಗಿಯುತ್ತಿತ್ತು, ಊರು ಬಿಟ್ಟು ಹೋಗಬೇಕಿರಲಿಲ್ಲ. ಹಲ್ಲು ಸವೆದಿದ್ದರೆ ಅಥವಾ ಬೆಳಗಿನ ನೋವು ಇಳಿಯದಿದ್ದರೆ ನೇರ ಗಟ್ಟಿ ಸ್ಪ್ಲಿಂಟ್. ರೆಡಿಮೇಡ್ ಗಾರ್ಡಿಗೂ ಮೆತ್ತನೆಯದಕ್ಕೂ ಕೊಟ್ಟ 2700 ರೂಪಾಯಿ ಉಳಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಎಷ್ಟೋ ತಿಂಗಳು ಉಳಿಯುತ್ತಿತ್ತು.

ಸ್ಪ್ಲಿಂಟ್ ಮಾಡಿಸುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಆಮೇಲಿನ ಹೊಂದಾಣಿಕೆ ಈ ದುಡ್ಡಿನಲ್ಲೇ ಸೇರಿದೆಯಾ, ಎಷ್ಟು ಸಲ? ನನ್ನ ಪರಿಚಯದವರೊಬ್ಬರಿಗೆ ಬೇರೆ ಊರಿನಲ್ಲಿ ಇಂಥದೇ ಸ್ಪ್ಲಿಂಟ್ ಕೈಗೆ ಕೊಟ್ಟು ಕಳಿಸಿದರು. ನೀಲಿ ಕಾಗದವನ್ನೇ ಅವರು ನೋಡಿಲ್ಲ. ಇನ್ನು ನೋವಿಗೆಂದು ನಿಮ್ಮ ಸ್ವಂತ ಹಲ್ಲನ್ನೇ ಉಜ್ಜಿ ಮಟ್ಟ ಮಾಡುತ್ತೇವೆ ಎಂದರೆ ಎದ್ದು ಬನ್ನಿ, ಇನ್ನೊಬ್ಬರ ಅಭಿಪ್ರಾಯ ಕೇಳಿ. ಸ್ಪ್ಲಿಂಟ್ ಉಜ್ಜಿದ್ದು ತಪ್ಪಾದರೆ ಹೊಸದು ಮಾಡಿಸಬಹುದು.

ಈಗ ಬಾಯಿ 41 ತೆರೆಯುತ್ತದೆ. ಕಟಕ್ ಇನ್ನೂ ಇದೆ, ಆಕಳಿಸುವಾಗ ಗದ್ದಕ್ಕೆ ಕೈ ಕೊಡುತ್ತೇನೆ. ಹಲಸಿನ ಚಿಪ್ಸ್ ಎರಡೇ ತಿಂದು ಡಬ್ಬ ಮುಚ್ಚುತ್ತೇನೆ. ಅಡಿಕೆ ಸೀಸನ್ನಿನಲ್ಲಿ ಗಟ್ಟಿ ಸ್ಪ್ಲಿಂಟ್ ದಿನಾ ರಾತ್ರಿ, ಉಳಿದ ತಿಂಗಳು ವಾರಕ್ಕೆ ಮೂರು ರಾತ್ರಿ. ಸೀಳಿ ಕೂಡಿಸಿದ ಜಾಗದಲ್ಲಿ ಒಂದು ಗೆರೆ ಮತ್ತೆ ಕಾಣಿಸುತ್ತಿದೆ. ಮುಂದಿನ ತಿಂಗಳು ಹುಬ್ಬಳ್ಳಿಗೆ ಹೋದಾಗ ತೋರಿಸಬೇಕು.